ಮಂಗಳೂರಾ ಕಣ್ಣೂರಾ, ಕಾರು ಬಿಡುವವರಿಗೆ ಹೇಳಿ

ನಾನು ಕೆಲಸ ಮಾಡುದು ಕುಂಬಳೆಯ ಒಂದು ಟ್ರಾವೆಲ್ಸಲ್ಲಿ, ಗಲ್ಫ್ ಟಿಕೆಟೇ ಜಾಸ್ತಿ. ಕಾಸರಗೋಡಿಗೆ ಸ್ವಂತ ಏರ್‌ಪೋರ್ಟ್ ಇಲ್ಲ, ಪೆರಿಯದಲ್ಲಿ ಏರ್‌ಸ್ಟ್ರಿಪ್ ಅಂತ ಕೇಳ್ಲಿಕ್ಕೆ ಸುರು ಮಾಡಿ ವರ್ಷಗಳಾಯ್ತು, ಹಾಗಾಗಿ ನಮಗೆ ಒಂದೋ ಮಂಗಳೂರು ಏರ್‌ಪೋರ್ಟ್ ಇರುವ ಬಜ್ಪೆ ಇಲ್ಲದಿದ್ರೆ ಕಣ್ಣೂರು ಏರ್‌ಪೋರ್ಟ್ ಇರುವ ಮಟ್ಟನ್ನೂರು. 2018ರ ಡಿಸೆಂಬರ್ 9ಕ್ಕೆ ಕಣ್ಣೂರು ಏರ್‌ಪೋರ್ಟ್ ಓಪನ್ ಆದಮೇಲೆ ಕಾಞಂಗಾಡು, ತೃಕ್ಕರಿಪುರ ಕಡೆಯವರು ಅತ್ತ ತಿರುಗಿದ್ರು. ಬದಿಯಡ್ಕ, ಪೆರ್ಲ, ಮಂಜೇಶ್ವರದವರಿಗೆ ಬಜ್ಪೆಯೇ ಅಭ್ಯಾಸ. ಆದ್ರೆ ರೇಟ್ ಎಲ್ಲಿ ಕಡಿಮೆಯೋ ಅಲ್ಲಿಂದ ಹೋಗುವವರೂ ಈಗ ಬೇಕಾದಷ್ಟು.

ಪೆರ್ಲದ ಒಬ್ಬ ಹುಡುಗ ಹಾಗೆಯೇ ದುಬೈಗೆ ಕಣ್ಣೂರಿಂದ ಟಿಕೆಟ್ ಮಾಡಿಸಿದ್ದ. ಟಿಕೆಟಲ್ಲಿ ಕಣ್ಣೂರಿನ ಕೋಡ್ ಸಿಎನ್‌ಎನ್ ಅಂತ ಸರಿಯಾಗಿಯೇ ಇತ್ತು, ಪಿಡಿಎಫ್ ವಾಟ್ಸಾಪಿಗೆ ಹೋಗಿತ್ತು, ಬಾಯಲ್ಲೂ ಹೇಳಿ ಆಗಿತ್ತು. ಫ್ಲೈಟ್ ರಾತ್ರಿ ಎಂಟೂವರೆಗೆ. ಸಂಜೆ ಐದು ಕಾಲಿಗೆ ಅವನ ಫೋನ್, "ಅಣ್ಣಾ, ಬಜ್ಪೆ ಗೇಟಲ್ಲಿ ಇದ್ದೇವೆ, ಒಳಗೆ ಬಿಡ್ತಾ ಇಲ್ಲ, ಟಿಕೆಟ್ ಕಣ್ಣೂರಿನದ್ದಂತೆ." ಕಾರು ಬಿಟ್ಟದ್ದು ಅವನ ಭಾವ. ಭಾವನಿಗೆ ಏರ್‌ಪೋರ್ಟ್ ಅಂದ್ರೆ ಬಜ್ಪೆ, ಇವ ಹಿಂದಿನ ಸೀಟಲ್ಲಿ ಹೆಂಡತಿ, ಮಗುವಿನೊಟ್ಟಿಗೆ ಮಾತಾಡ್ತಾ ಕೂತಿದ್ದ, ಮಂಗಳೂರು ದಾರಿಯ ತಲಪಾಡಿ ಗಡಿ ದಾಟಿದ್ದು ಯಾರಿಗೂ ವಿಚಿತ್ರ ಅನಿಸ್ಲಿಲ್ಲ.

ಭಾವ ಫೋನ್ ಕಿತ್ತುಕೊಂಡು "ಈಗ ಹೊರಟ್ರೆ ಸಿಗ್ತದಾ, ನಾನು ಓಡಿಸ್ತೇನೆ" ಅಂದ್ರು. ಅಲ್ಲಿಂದ ಮಟ್ಟನ್ನೂರಿಗೆ 150 ಕಿಲೋಮೀಟರಿಗಿಂತ ಜಾಸ್ತಿ, ಹೈವೇ 66ರಲ್ಲಿ ಕೆಲಸ ನಡೀತಾ ಇತ್ತು, ಕೌಂಟರ್ ಏಳೂವರೆಗೆ ಕ್ಲೋಸ್. ಬೇಡ, ಅಲ್ಲಿಂದ ಕದಲಬೇಡಿ ಅಂತ ಹೇಳಿದೆ. ಅವರಿಗೆ ಸಿಟ್ಟು ಬಂತು. ಕಾರಲ್ಲಿ ಸಣ್ಣ ಮಗು ಬೇರೆ, ಆ ರೋಡಲ್ಲಿ ಅವರನ್ನು ಓಡಿಸಿ ನಾನು ಇಲ್ಲಿ ಹೇಗೆ ಕೂರುದು.

ನಾಳೆ ನೋಡುವ ಅಂತ ಬಿಡುವ ಹಾಗೂ ಇರ್ಲಿಲ್ಲ. ಯುಎಇ ರೆಸಿಡೆನ್ಸಿ ಇದ್ದವರು 180 ದಿವಸಕ್ಕಿಂತ ಜಾಸ್ತಿ ಹೊರಗೆ ಉಳಿದ್ರೆ ವೀಸಾ ಹೋಗ್ತದೆ, ಇವ ಅಪ್ಪನ ಆಪರೇಶನ್ ಅಂತ ಬಂದವ, ಲೆಕ್ಕಕ್ಕೆ ಉಳಿದದ್ದು ಎರಡು ದಿವಸ. ಮಂಗಳೂರಿಂದ ಅದೇ ರಾತ್ರಿಯ ದುಬೈ ಫ್ಲೈಟಲ್ಲಿ ಸೀಟ್ ತೋರಿಸ್ತಾ ಇತ್ತು. ಪೋರ್ಟಲಲ್ಲಿ ಪಾಸ್‌ಪೋರ್ಟ್ ನಂಬ್ರ ಹಾಕಿ ಮುಂದೆ ಹೋದ್ರೆ ಟಿಕೆಟಿಗೆ ಅಂತ ನಾವು ಮೊದಲೇ ದುಡ್ಡು ತುಂಬಿಸಿಡುವ ವಾಲೆಟಲ್ಲಿ ಬ್ಯಾಲೆನ್ಸ್ ಸಾಲುದಿಲ್ಲ. ತುಂಬಿಸುವ ಓಟಿಪಿ ಬರುದು ಧನಿಗಳ ಫೋನಿಗೆ, ಅವರ ಫೋನ್ ಸ್ವಿಚ್ ಆಫ್. ಕೌಂಟರಲ್ಲಿ ಕೂತು ಟಿಕೆಟ್ ಮಾಡುವವನ ಕೈಗೆ ತುರ್ತಿಗೆ ಅಂತ ಒಂದಿಷ್ಟು ಲಿಮಿಟ್ ಕೊಡಿ ಅಂತ ಎಷ್ಟು ಸರ್ತಿ ಕೇಳಿದ್ದೇನೆ. ಪುನಃ ಸರ್ಚ್ ಕೊಟ್ಟಾಗ ರೇಟ್ ಮೇಲೆ ಹೋಗಿತ್ತು. ಕೊನೆಗೆ ಭಾವನ ಕಾರ್ಡಿಂದಲೇ ಏರ್‌ಲೈನ್ ಸೈಟಲ್ಲಿ ಮಾಡಿದ್ದು, ಅವರು ಕಾರ್ಡ್ ನಂಬ್ರ ಓದ್ಲಿಕ್ಕೆ ನಾನು ಟೈಪ್ ಮಾಡ್ಲಿಕ್ಕೆ, ಓಟಿಪಿ ಬರುವಾಗ ಗೇಟ್ ಹತ್ರ ನೆಟ್‌ವರ್ಕ್ ಇಲ್ಲ, ಭಾವ ಪಾರ್ಕಿಂಗಿನ ಆಚೆ ತುದಿಗೆ ಓಡಿದ್ರು. ಪಿಎನ್‌ಆರ್, ಅಂದ್ರೆ ಬುಕಿಂಗ್ ನಂಬ್ರ, ಬಂದಮೇಲೆಯೇ ನನಗೆ ಉಸಿರು ಬಂದದ್ದು.

ಮೊದಲ ಟಿಕೆಟಲ್ಲಿ 30 ಕಿಲೋ ಲಗೇಜ್ ಇತ್ತು, ಇದರಲ್ಲಿ 20. ಹಲಸಿನ ಹಪ್ಪಳದ ಕಟ್ಟು, ಅಮ್ಮ ಕೊಟ್ಟ ತೆಂಗಿನೆಣ್ಣೆ ಕ್ಯಾನ್ ಎಲ್ಲ ಭಾವನೊಟ್ಟಿಗೆ ವಾಪಸ್ ಪೆರ್ಲಕ್ಕೆ ಬಂತು.

ಕಣ್ಣೂರಿನದ್ದು ನೋಡುವಾಗ ಬೇಜಾರಾಗ್ತದೆ. 3050 ಮೀಟರ್ ರನ್‌ವೇ, ಬಜ್ಪೆಗಿಂತ ಎಷ್ಟೋ ಉದ್ದ, ಕೊರೋನ ಟೈಮಲ್ಲಿ ದೊಡ್ಡ ವಿಮಾನಗಳೇ ಬಂದು ಇಳಿದಿವೆ. ಆದ್ರೆ ಪಾಯಿಂಟ್ ಆಫ್ ಕಾಲ್, ಅಂದ್ರೆ ವಿದೇಶಿ ವಿಮಾನ ಅಲ್ಲಿಗೆ ಬರ್ಲಿಕ್ಕೆ ಬೇಕಾದ ಸರಕಾರದ ಅನುಮತಿ, ಸಿಗದೆ ವಿದೇಶಿ ಕಂಪೆನಿಯವರು ಬರುವ ಹಾಗಿಲ್ಲ. ಅಲ್ಲಿ ಫ್ಲೈಟ್ ಜಾಸ್ತಿ ಇದ್ರೆ ನಮ್ಮವರು ನೂರಿನ್ನೂರು ರೂಪಾಯಿ ವ್ಯತ್ಯಾಸಕ್ಕೆ ಒಮ್ಮೆ ಅತ್ತ ಒಮ್ಮೆ ಇತ್ತ ಓಡುವ ಅಗತ್ಯ ಬರ್ತಿರ್ಲಿಲ್ಲ.

ಈಗ ನಾನು ಕಣ್ಣೂರು ಟಿಕೆಟ್ ಮಾಡಿದ್ರೆ ಕಾರು ಯಾರು ಬಿಡುದು ಅಂತ ಕೇಳಿ ಅವರ ನಂಬ್ರ ತೆಕ್ಕೊಳ್ತೇನೆ. ಹೊರಡುವ ದಿವಸ ಬೆಳಿಗ್ಗೆ ಅವರಿಗೇ ಫೋನ್, "ಮಟ್ಟನ್ನೂರಿಗೆ ಹೋಗುದು, ಎಷ್ಟು ಗಂಟೆಗೆ ಹೊರಡ್ತೀರಿ?" ಉತ್ತರ ಅವರ ಬಾಯಿಂದಲೇ ಬರ್ಬೇಕು. ಇದಕ್ಕೆಲ್ಲ ಟೈಮ್ ಹಾಳು ಅಂತ ಧನಿಗಳು ಹೇಳ್ತಾರೆ, ನಾನು ಬಿಡುದಿಲ್ಲ.

ಇನ್ನೊಂದು. ನೋ-ಶೋ ಆದ್ರೂ, ಅಂದ್ರೆ ಫ್ಲೈಟಿಗೆ ಹೋಗದೆ ಉಳಿದ್ರೂ, ಟಿಕೆಟಿನ ಟ್ಯಾಕ್ಸ್, ಏರ್‌ಪೋರ್ಟಿನ ಯೂಸರ್ ಫೀ ವಾಪಸ್ ಕೇಳ್ಲಿಕ್ಕೆ ಆಗ್ತದೆ, ತುಂಬ ಜನ ಕೇಳುದೇ ಇಲ್ಲ. ಆ ಹುಡುಗನದ್ದು ಹಾಕಿದ್ದೇನೆ, ಇನ್ನೂ ಬರ್ಲಿಲ್ಲ, ಸೋಮವಾರ ಪುನಃ ಮೇಲ್ ಮಾಡ್ಬೇಕು.