ಖಾತೆ ಹುಡುಕಲು ಹೋಗಿ ಪೋಕ್ಕುವರವು ಸಿಕ್ಕಿತು

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಅಪ್ಪ ಹೋದ ಮೇಲೆ ಭಾಗಪತ್ರ ಆಗಿ ಎರಡು ವರ್ಷ ಕಳೆದಿತ್ತು, ಆದರೂ ನನ್ನ ಪಾಲಿನ ಜಾಗ ನನ್ನ ಹೆಸರಿಗೆ ಬಂದಿರಲಿಲ್ಲ, ತೀರ್ವೆ, ಅಂದ್ರೆ ಭೂಕಂದಾಯ, ಅಪ್ಪನ ಹೆಸರಲ್ಲೇ ಕಟ್ಟುತ್ತಿದ್ದೆವು. ತಪ್ಪು ನನ್ನದೇ, ಉದಾಸೀನ. ಕಳೆದ ಮಳೆಗಾಲದ ಒಂದು ಭಾನುವಾರ ತೋಟಕ್ಕೆ ಇಳಿಯೋಕಾಗದಂಥ ಮಳೆ. ಇವತ್ತು ಇದನ್ನು ತಿಳ್ಕೊಂಡೇ ಬಿಡೋಣ ಅಂತ ಫೋನ್ ಹಿಡಿದು ಕೂತೆ.

"ಜಮೀನಿನ ಖಾತೆ ಬದಲಾವಣೆ ಹೇಗೆ" ಅಂತ ಕನ್ನಡದಲ್ಲಿ ಹಾಕಿದೆ. ಬಂತು ನೋಡಿ ರಾಶಿ! ಪಹಣಿ, ಮೋಜಿಣಿ, ನಾಡಕಚೇರಿ, ಹೋಬಳಿ. ಒಂದು ವಿಡಿಯೊದಲ್ಲಿ ಮೊದಲ ಮೂರು ನಿಮಿಷ ಬರೀ ಬೆಲ್ ಐಕಾನ್ ಒತ್ತಿ ಅನ್ನೋದೇ ಆಯ್ತು. ಅದನ್ನೂ ಪೂರ್ತಿ ನೋಡಿದೆ, ನೋಟ್‌ಬುಕ್ಕಲ್ಲಿ ಬರೆದುಕೊಂಡೆ ಕೂಡ. ಒಂದು ಗಂಟೆ ಕಳೆದ ಮೇಲೆ ಹೊಳೆಯಿತು, ಅಲ್ಲ, ನಮ್ಮಲ್ಲಿ ಹೋಬಳಿ ಎಲ್ಲಿದೆ ಮಾರಾಯ್ರೆ? 1956ರಿಂದ ನಾವು ಕೇರಳದವರು. ಮಾತು ಕನ್ನಡ, ಕಾಗದಪತ್ರ ತಿರುವನಂತಪುರದ್ದು. ಕನ್ನಡದಲ್ಲಿ ಕೇಳಿದರೆ ಬೆಂಗಳೂರಿನ ಉತ್ತರ ಬರುತ್ತದೆ, ಗೂಗಲ್ಲಿಗೇನು ಗೊತ್ತು ಪಾಪ.

ಜೊತೆಗೆ ಕಾಸರಗೋಡು ಅಂತ ಸೇರಿಸಿದೆ. ಯಕ್ಷಗಾನದ ಸುದ್ದಿ ಬಂತು. ದೊಡ್ಡ ತಮಾಷೆ ಆದದ್ದು "ಆಧಾರದ ನಕಲು ಪಡೆಯುವುದು ಹೇಗೆ" ಅಂತ ಹಾಕಿದಾಗ. ನಮ್ಮ ಕಡೆ ರಿಜಿಸ್ಟರ್ ಆದ ಪತ್ರಕ್ಕೆ ಆಧಾರ ಅಂತಲೇ ಹೇಳೋದು. ಬಂದದ್ದೆಲ್ಲ ಆಧಾರ್ ಕಾರ್ಡು, ಬೆರಳಚ್ಚು, ವಿಳಾಸ ಬದಲಾವಣೆ!

ಸಂಜೆ ಅಕ್ಕನ ಮಗಳು ಬಂದಳು. ನನ್ನ ನೋಟ್‌ಬುಕ್ ನೋಡಿ ನಗು ತಡೆಯೋಕಾಗಲಿಲ್ಲ ಅವಳಿಗೆ.

"ಮಾವ, ವಿಲೇಜ್ ಆಫೀಸಲ್ಲಿ ಯಾವ ಶಬ್ದ ಹೇಳ್ತಾರೋ ಅದನ್ನೇ ಹಾಕ್ಬೇಕು. ಖಾತೆ ಬದಲಾವಣೆ ಅಲ್ಲ, ಪೋಕ್ಕುವರವು."

ಫೋನಿನ ಮೈಕ್ ಒತ್ತಿ, ಭಾಷೆ ಮಲಯಾಳಕ್ಕೆ ಬದಲಾಯಿಸಿ ಹೇಳಿದಳು. ಮಲಯಾಳ ಮಾತಾಡ್ತೇನೆ, ಓದೋದು ಎತ್ತಿನ ಗಾಡಿ ವೇಗ. ಅದಕ್ಕೂ ಉಪಾಯ ಇತ್ತು ಅವಳ ಹತ್ತಿರ. ಇಂಗ್ಲಿಷ್ ಅಕ್ಷರದಲ್ಲಿ ಪೋಕ್ಕುವರವು ಬರೆದು, ಸೈಟ್ ಅಂತ ಹಾಕಿ, ಕೋಲನ್ ಇಟ್ಟು, ಮಧ್ಯೆ ಜಾಗ ಬಿಡದೆ ಕೇರಳ ಸರ್ಕಾರದ ವಿಳಾಸ ಸೇರಿಸಿದಳು. ಜಾಗ ಬಿಟ್ಟರೆ ಕೆಲಸ ಮಾಡಲ್ಲವಂತೆ. ಯೂಟ್ಯೂಬಿನವರೆಲ್ಲ ಒಂದೇ ಏಟಿಗೆ ಮಾಯ, ಉಳಿದದ್ದು ಸರ್ಕಾರದ ಪುಟಗಳು ಮಾತ್ರ. ಬೇಡದ ಶಬ್ದದ ಎದುರು ಮೈನಸ್ ಹಾಕಿದರೆ ಅದಿರುವ ಪುಟಗಳು ಬರಲ್ಲ ಅಂತಲೂ ತೋರಿಸಿದಳು. ನನ್ನ ಕೈಯಲ್ಲೇ ಹಾಕಿಸಿದಳು, ಕರ್ನಾಟಕದ ಎದುರು ಮೈನಸ್. ಸುಮ್ನೆ ಒಂದು ಗೀಟು, ಆದ್ರೂ ಮನಸ್ಸಿಗೆ ಒಂಥರಾ ಆಯ್ತು.

ಪೋಕ್ಕುವರವಿಗೆ 1966ರ ಟ್ರಾನ್ಸ್‌ಫರ್ ಆಫ್ ರಿಜಿಸ್ಟ್ರಿ ರೂಲ್ಸ್ ಅಂತ ಇದೆ. ಆ ಹೆಸರನ್ನು ಉದ್ಧರಣ ಚಿಹ್ನೆಯ ಒಳಗಿಟ್ಟು ಹುಡುಕಿದಾಗ ನಿಯಮದ ಪಿಡಿಎಫ್ ಸಿಕ್ಕಿತು. ನಾನಾಗಿದ್ದರೆ ಮೊದಲ ಪುಟದಿಂದ ಓದಲು ಶುರು ಮಾಡುತ್ತಿದ್ದೆ. ಅವಳು ಮೆನುವಿನಲ್ಲಿ ಹುಡುಕೋದನ್ನು ಒತ್ತಿ, ಪಾರ್ಟಿಷನ್ ಅಂತ ಬರೆದು, ನೇರ ಬೇಕಾದ ಕಡೆಗೇ ಹಾರಿದಳು. ಚಾ ಆರುವ ಮೊದಲು ಎಲ್ಲ ಮುಗಿದಿತ್ತು.

ನಾನು ಹೊಸ ಹಾಳೆ ತೆಗೆದು ಆಧಾರದ ನಕಲು, ತೀರ್ವೆ ರಶೀದಿ, ತಂಡಪೇರು ನಂಬ್ರ ಅಂತ ಬರೆಯುತ್ತಿದ್ದೆ. ಈ ತಂಡಪೇರು ಅಂದ್ರೇನು, ಎಲ್ಲಿ ಸಿಗುತ್ತದೆ ಅಂತ ಹುಡುಕಲು ಫೋನ್ ಎತ್ತಿದ್ದೇ ತಡ, ಅಷ್ಟು ಹೊತ್ತೂ ಅಡಿಕೆ ಸುಲಿಯುತ್ತಾ ಕೂತಿದ್ದ ಅಮ್ಮ ತಲೆ ಎತ್ತದೆ ಹೇಳಿದರು:

"ಅದು ತೀರ್ವೆ ಖಾತೆಯ ನಂಬ್ರ, ರಶೀದಿಯಲ್ಲೇ ಇರ್ತದಲ್ಲ ಮಗ, ಟ್ರಂಕಲ್ಲಿ ನೋಡು. ಪೋಕ್ಕುವರವು ಮಾಡಿಸ್ಬೇಕು ಅಂತ ನಿನ್ನಪ್ಪ ಎಷ್ಟು ಸಲ ಹೇಳಿದ್ರು. ನನ್ನ ಹತ್ರ ಯಾರು ಕೇಳ್ತಾರೆ?"