ಅಂಗಡಿಯಲ್ಲಿ ಸಿಗುತ್ತದಲ್ಲ, ಯಾಕೆ ಮಾಡ್ತೀರಿ?

"ಇದು ರೆಡಿ ಸಿಗುದಿಲ್ವಾ?" ತುಳುವಿನಲ್ಲಿ ಕೇಳುತ್ತಾರೆ, ಮಲಯಾಳದಲ್ಲಿ ಕೇಳುತ್ತಾರೆ, ಕನ್ನಡದಲ್ಲಂತೂ ದಿನಾ ಕೇಳುತ್ತಾರೆ. ಕಾಸರಗೋಡಿನಲ್ಲಿ ಮರದ ಕೆಲಸ ಮಾಡುವವನಿಗೆ ಒಂದೇ ಪ್ರಶ್ನೆ ಮೂರು ಸಲ ಬರುತ್ತದೆ. "ಇದು" ಅಂದರೆ ನನ್ನ ಜಿಗ್‌ಗಳು. ಕವಾಟಿನ ಬಾಗಿಲಿಗೆ ಗ್ರೂವ್, ಅಂದರೆ ಉದ್ದ ಕಾಲುವೆ, ಹೊಡೆಯುವಾಗ ರೂಟರ್ ದಾರಿ ತಪ್ಪದ ಹಾಗೆ ಹಿಡಿಯುವ ಹಲಗೆ ತುಂಡುಗಳು. ರೂಟರ್ ಅಂದರೆ ತಿರುಗುವ ಅಲಗು (ಅದೇ ಬಿಟ್) ಹಾಕಿ ಮರ ಕಡಿಯುವ ಕೈಮೆಷಿನ್.

ಸಿಗುತ್ತದೆ. ಆನ್‌ಲೈನ್‌ನಲ್ಲಿ ರಾಶಿ ಸಿಗುತ್ತದೆ. ನನಗೂ ಗೊತ್ತು. ಇನ್ನು ಕೇಳಬೇಡಿ.

ಹೋದ ಮಳೆಗಾಲ ಬದಿಯಡ್ಕದ ಹತ್ತಿರ ಒಂದು ಮನೆಯಲ್ಲಿ ಅಡುಗೆಮನೆ ಕೆಲಸ. ಮನೆಯವರ ಭಾವ, ಗಲ್ಫಿನಿಂದ ರಜೆಯಲ್ಲಿ ಬಂದವರು, ಜಗಲಿಯಲ್ಲಿ ಚಾ ಲೋಟ ಹಿಡಿದು ಅರ್ಧ ಗಂಟೆ ನಿಂತರು. ಆಮೇಲೆ ನನ್ನ ಗೈಡನ್ನು, ಅಂದರೆ ನೇರ ಗ್ರೂವ್ ಹೊಡೆಯುವ ಜಿಗ್ಗನ್ನು, ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ, "ಎಂತ ಮಾರಾಯ್ರೆ, ಇದು ಮಕ್ಕಳ ಆಟದ ಸಾಮಾನಿನ ಹಾಗೆ ಉಂಟಲ್ಲ?" ಅಂದರು.

ಆ ಆಟದ ಸಾಮಾನು ಹೇಗೆ ಆಗುತ್ತದೆ ನೋಡಿ. 6 ಮಿಮೀ ಪ್ಲೈ ಪಟ್ಟಿಯ ಮೇಲೆ ಒಂದು ನೇರ ರೀಪು ಸ್ಕ್ರೂ ಹಾಕಿ ಕೂರಿಸುತ್ತೇನೆ. ಪ್ಲೈ ಬೇಕೆಂದೇ ಸ್ವಲ್ಪ ಅಗಲ ಬಿಡುತ್ತೇನೆ. ರೂಟರನ್ನು ರೀಪಿಗೆ ಒತ್ತಿಕೊಂಡು ಒಮ್ಮೆ ಓಡಿಸಿದರೆ ಹೆಚ್ಚಿದ್ದ ಪ್ಲೈ ಕಡಿದು ಬೀಳುತ್ತದೆ. ಉಳಿದ ಅಂಚು ಇದೆಯಲ್ಲ, ಬಿಟ್ ಕಡಿಯುವುದು ಸರಿಯಾಗಿ ಅಲ್ಲೇ. ಮತ್ತೆ ಅಳತೆ ಬೇಡ. ಅಂಚನ್ನು ಪೆನ್ಸಿಲ್ ಗೆರೆಗೆ ತಾಗಿಸಿ ಕ್ಲ್ಯಾಂಪ್ ಹಾಕಿದರೆ ಆಯಿತು. ರೀಪು ನನ್ನಿಂದ ಆಚೆ ಬದಿ, ಮೆಷಿನ್ ಎಡದಿಂದ ಬಲಕ್ಕೆ. ಹಾಗೆ ಓಡಿಸಿದರೆ ಅದು ತಾನಾಗಿ ರೀಪಿಗೆ ಒತ್ತಿಕೊಳ್ಳುತ್ತದೆ. ಉಲ್ಟಾ ಓಡಿಸಿದರೆ ದೂರ ಎಳೆಯುತ್ತದೆ.

ಆದರೆ ಆ ಗೈಡ್ ನನ್ನ ಮೆಷಿನ್‌ಗೆ, ಆ ಒಂದು ಬಿಟ್‌ಗೆ ಮಾತ್ರ. ನನ್ನ ರೂಟರಿನ ಬೇಸ್ ಎಷ್ಟು ವಕ್ರ ಅಂತ ಅಂಗಡಿಯವನಿಗೆ ಏನು ಗೊತ್ತು? ಹೌದು, ವಕ್ರವೇ. ದುಂಡು ಬೇಸಿನ ಸರಿ ನಡುವೆ ಬಿಟ್ ಇಲ್ಲ. ಓಡಿಸುವಾಗ ಕೈಯಲ್ಲಿ ಮೆಷಿನ್ ತಿರುಗಿದರೆ ಗ್ರೂವ್ ಡೊಂಕಾಗುತ್ತದೆ. ಅದಕ್ಕೇ ಮಗಳ ನೈಲ್ ಪಾಲಿಶ್ ಕದ್ದು ಬೇಸಿನ ಅಂಚಿಗೆ ಒಂದು ಕೆಂಪು ಬೊಟ್ಟು ಇಟ್ಟಿದ್ದೇನೆ. ಬೊಟ್ಟು ಯಾವಾಗಲೂ ರೀಪಿನ ಕಡೆಗೆ. ಭಾವನಿಗೆ ಅದನ್ನು ಕಂಡೂ ನಗು ಬಂತು.

ಒಬ್ಬರಾದರೂ "ಜಿಗ್ ತಪ್ಪಿದರೆ ಎಂತ ಆಗ್ತದೆ?" ಅಂತ ಕೇಳಿದ್ದರೆ ಕುರ್ಚಿ ಹಾಕಿ ಕೂರಿಸಿ ಹೇಳುತ್ತಿದ್ದೆ. ಯಾರೂ ಕೇಳುವುದಿಲ್ಲ. ಸುಮ್ನೆ ನಾನೇ ಹೇಳುತ್ತೇನೆ.

ಈಗಿನ ಕವಾಟಿನ ಹಿಂಜಿಗೆ ಒಂದು ದುಂಡು ಬಟ್ಟಲು ಇರುತ್ತದೆ, ಅದು ಕೂರಲು ಬಾಗಿಲಿನ ಹಿಂದೆ 35 ಮಿಮೀ ಗುಂಡಿ ಬೇಕು. ಪೆರ್ಲದ ಕಡೆ ಒಂದು ಮನೆಯಲ್ಲಿ ನನ್ನ 35ರ ಡ್ರಿಲ್ ಬಿಟ್ ಮೊಂಡಾಗಿತ್ತು. ರೂಟರಲ್ಲೇ ಮಾಡುವ ಅಂತ ಹೊರಟೆ. ಬೇಸಿಗೆ 18 ಮಿಮೀ ಗೈಡ್ ಬುಶ್, ಅಂದರೆ ಬಿಟ್ಟಿನ ಸುತ್ತ ನಿಂತು ಜಿಗ್‌ನ ಅಂಚಿಗೆ ಉಜ್ಜಿಕೊಂಡು ಹೋಗುವ ಬಳೆ. ಅದರೊಳಗೆ 10ರ ಬಿಟ್. ಎರಡರ ವ್ಯತ್ಯಾಸ 8. ಅದನ್ನು 35ಕ್ಕೆ ಸೇರಿಸಿ ಪ್ಲೈಯಲ್ಲಿ 43ರ ತೂತು ಮಾಡಿದೆ, ಅದೇ ಜಿಗ್. ಬೇಡದ ತುಂಡಿನಲ್ಲಿ ನೋಡಿದೆ, ಹಿಂಜು ಚಂದ ಕೂತಿತು. ಮಧ್ಯಾಹ್ನ ಇನ್ನೊಂದು ಕೆಲಸಕ್ಕೆ 12ರ ಬಿಟ್ ಹಾಕಿದವ ಬದಲಾಯಿಸಲು ಮರೆತೆ. ಸಂಜೆಯೊಳಗೆ ಆರು ಬಾಗಿಲು, ಹನ್ನೆರಡು ಗುಂಡಿ. ಎಲ್ಲವೂ 37. ಒಂದರಲ್ಲೂ ಹೆಚ್ಚು ಕಡಿಮೆ ಇಲ್ಲ! ಬರೀ ಕೈಯಲ್ಲಿ ಮಾಡಿದ್ದರೆ ಎರಡಾದರೂ ಸರಿ ಬರುತ್ತಿತ್ತೋ ಏನೋ. ಜಿಗ್‌ಗೆ ನಿಯತ್ತು ಜಾಸ್ತಿ, ಅಲ್ವಾ.

ಹಿಂಜು ಹಾಕಿದರೆ ಲಟಲಟ. ಮನೆಯವರಿಗೆ ನನ್ನ ಖರ್ಚಿನಲ್ಲೇ ಹೊಸ ಬಾಗಿಲು ಮಾಡಿ ಕೊಟ್ಟೆ. ಹಳೇ ಆರು ಈಗ ನಮ್ಮ ಅಡುಗೆಮನೆಯಲ್ಲಿವೆ, ಗುಂಡಿಗೆ ಮರದ ಬಿಲ್ಲೆ ಅಂಟಿಸಿ, ಹಳೇ ಮಾದರಿ ಹಿಂಜು ಹೊಡೆದು. ಉಪ್ಪಿನ ಡಬ್ಬ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಹೆಂಡತಿಗೆ ಆ ಬಿಲ್ಲೆಗಳು ಕಾಣುತ್ತವೆ.

ಮೊನ್ನೆ ಅವಳೂ ಕೇಳಿದಳು. "ಅಲ್ಲ, ಇದಕ್ಕೆ ರೆಡಿ ಎಂತದೂ ಸಿಗುದಿಲ್ವಾ?"