ಎಂಟು ಸೆಕೆಂಡ್ ಎಲ್ಲಿ ಹೋಯ್ತು?

"ಎಲ್ಲರದ್ದೂ ಸರಿ ಇದ್ರೆ ಈ ಎಂಟು ಸೆಕೆಂಡ್ ಎಲ್ಲಿ ಹೋಯ್ತು ಸಾರ್?"

ನಮ್ಮ ಟೆಸ್ಟಿಂಗ್ ಹುಡುಗಿ ಸೋಮವಾರದ ಮೀಟಿಂಗ್‌ನಲ್ಲಿ ಕೇಳಿದ ಮಾತು ವಾರವಿಡೀ ನನ್ನ ಕಿವಿಯಲ್ಲೇ ಇದೆ. ಆರ್ಡರ್ ಪುಟ ತೆರೆಯಲು ಎಂಟು ಸೆಕೆಂಡ್. ಪ್ರತಿ ಟೀಮಿನವರೂ ತಮ್ಮ ಗ್ರಾಫ್ ತೋರಿಸಿದರು. ಎಲ್ಲೂ ಕೆಂಪಿಲ್ಲ. ಬೆಲೆ ಸರ್ವಿಸ್, ಅಂದರೆ ಐಟಂಗಳ ಬೆಲೆ ಹೇಳುವ ಪ್ರೋಗ್ರಾಂನ ಲೀಡ್ ಅಂತೂ "ನಮ್ಮದು 200 ಮಿಲಿಸೆಕೆಂಡ್ ಅಷ್ಟೇ. ನಿನ್ನ ವೈಫೈ ನೋಡ್ಕೋ" ಅಂದುಬಿಟ್ಟರು. ಕೆಲಸದಲ್ಲಿ ಗಟ್ಟಿಗರು. ಆದರೆ ಚಿಕ್ಕವರು ಮಾತಾಡಿದರೆ ಕೇಳುವ ತಾಳ್ಮೆ ಇಲ್ಲ.

ಅವಳು ಸುಮ್ನೆ ಕೂರಲಿಲ್ಲ. ಮರುದಿನ ಬ್ರೌಸರ್‌ಗೆ ಒಂದು ಎಕ್ಸ್‌ಟೆನ್ಶನ್ ಹಾಕಿಕೊಂಡು ಬಂದಳು. ಪುಟದಿಂದ ಹೊರಡುವ ರಿಕ್ವೆಸ್ಟ್‌ಗೆ ಅದು ಟ್ರೇಸ್‌ಪೇರೆಂಟ್ ಅನ್ನೋ ಹೆಡರ್, ಅಂದರೆ ಜೊತೆಗೆ ಹೋಗುವ ಒಂದು ಚೀಟಿ, ಅಂಟಿಸುತ್ತದೆ. ಅದರಲ್ಲಿ 32 ಅಕ್ಷರದ ಟ್ರೇಸ್ ಐಡಿ, ಕೊನೆಯಲ್ಲಿ 01. ಪ್ರತಿ ಸರ್ವಿಸ್ ಆ ಐಡಿಯನ್ನು ಮುಂದಿನದಕ್ಕೆ ದಾಟಿಸುತ್ತದೆ, ತಾನು ತೆಗೆದುಕೊಂಡ ಸಮಯ ಬರೆದಿಡುತ್ತದೆ. ಆ 01 ಮುಖ್ಯ. ಒಂದು ರಿಕ್ವೆಸ್ಟ್ ಎಲ್ಲೆಲ್ಲಿ ಹೋಯ್ತು, ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನೋ ದಾಖಲೆಯೇ ಟ್ರೇಸ್. ಸಾಮಾನ್ಯವಾಗಿ ಎಲ್ಲ ಟ್ರೇಸ್‌ಗಳನ್ನೂ ಇಟ್ಟುಕೊಳ್ಳುವುದಿಲ್ಲ. ತನ್ನದೇ ಟ್ರೇಸಿಂಗ್ ವ್ಯವಸ್ಥೆಯಾದ ಡ್ಯಾಪರ್ ಬಗ್ಗೆ ಗೂಗಲ್ 2010ರಲ್ಲಿ ಬರೆದಾಗ, ಮೊದಮೊದಲು ಸರಾಸರಿ 1024ಕ್ಕೆ ಒಂದನ್ನು ಮಾತ್ರ ಉಳಿಸುತ್ತಿದ್ದೆವು ಎಂದಿತ್ತು. 01 ಅಂದರೆ, ಇದನ್ನು ಬಿಡಬೇಡಿ ಅಂತ.

ಟ್ರೇಸ್‌ಗಳನ್ನು ಚಿತ್ರವಾಗಿ ತೋರಿಸುವ ಯೇಗರ್ ಅನ್ನೋ ಟೂಲ್‌ನಲ್ಲಿ ಐಡಿ ಹಾಕಿದಳು. ಪರದೆ ತುಂಬ ಮೆಟ್ಟಿಲು! ಬೆಲೆ ಸರ್ವಿಸ್‌ಗೆ ಒಂದಾದ ಮೇಲೊಂದು ನಲವತ್ತು ಕಾಲ್. ಆರ್ಡರ್‌ನ ಪ್ರತಿ ಐಟಂಗೂ ಬೇರೆ ಬೇರೆಯಾಗಿ ಬೆಲೆ ಕೇಳುತ್ತಿದ್ದರು. ಒಂದೊಂದೂ 200 ಮಿಲಿಸೆಕೆಂಡೇ. ಲೀಡ್ ಹೇಳಿದ್ದು ನಿಜ, ಅವಳು ಹೇಳಿದ್ದೂ ನಿಜ. ನಲವತ್ತು ಸಲ ಕಾದರೆ ಎಂಟು ಸೆಕೆಂಡ್ ಆಗುತ್ತೆ ಅಲ್ವಾ?

ಮೆಟ್ಟಿಲು ಕಂಡ ಕೂಡಲೇ ರೂಮಿನಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು. ನನಗೆ ಬೇಜಾರಾಗಿದ್ದು ಅಲ್ಲೇ. ಸೋಮವಾರವೂ ಅವಳು ಇದೇ ಎಂಟು ಸೆಕೆಂಡ್ ಹೇಳಿದ್ದಳು. ಚಿತ್ರ ತರುವವರೆಗೂ ಅವಳ ಕಣ್ಣಿಗೆ ಬೆಲೆ ಇರಲಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡುವವರಿಗೂ ನಾವು "ನಿಮ್ಮ ನೆಟ್‌ವರ್ಕ್ ಚೆಕ್ ಮಾಡಿ" ಅಂತಲೇ ಹೇಳುತ್ತೇವೆ. ಅವರ ಹತ್ತಿರ ಎಕ್ಸ್‌ಟೆನ್ಶನ್ ಇಲ್ಲ, ಟ್ರೇಸ್ ಐಡಿ ಇಲ್ಲ. ಪುಟ ಬರ್ತಿಲ್ಲ ಅನ್ನೋದಷ್ಟೇ ಗೊತ್ತು. ಅಷ್ಟು ಸಾಕಾಗಬೇಕು.

ಈಗ ನಲವತ್ತೂ ಬೆಲೆಗಳನ್ನು ಒಂದೇ ಕಾಲ್‌ನಲ್ಲಿ ಕೇಳುವ ಬದಲಾವಣೆ ನಡೆಯುತ್ತಿದೆ. ವೈಫೈ ಅಂದವರು ಮಾತ್ರ ಅವಳಿಗೆ ಇನ್ನೂ ಏನೂ ಹೇಳಿಲ್ಲ. ಹೇಳಲೇಬೇಕು ಅಂತ ನಾನು ಅವರ ಎದುರೇ ಹೇಳಿದ್ದೇನೆ.